ವಾರದ ಮಾತ್ರೆ ದಿನದ ಮಾತ್ರೆಯಾದಾಗ: ಮೆಥೊಟ್ರೆಕ್ಸೇಟ್ ವಿತರಣೆಯ ಒಂದು ಪ್ರಕರಣ ಅಧ್ಯಯನ

ಇದು ಬೋಧನೆಗೆಂದು ಕಟ್ಟಿದ ಪ್ರಕರಣ. ರೋಗಿ, ಅಂಗಡಿ, ಊರು ಯಾವುದೂ ನಿಜವಾದ ಒಂದನ್ನು ಕುರಿತದ್ದಲ್ಲ. ಆದರೆ ಇದರಲ್ಲಿ ಬರುವ ಒಂದೊಂದು ತಪ್ಪೂ, ಸಂಧಿವಾತಕ್ಕೆ ವಾರಕ್ಕೊಮ್ಮೆ ಮಾತ್ರ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯ ಅವಘಡಗಳಲ್ಲಿ ಜಗತ್ತಿನಾದ್ಯಂತ ಮತ್ತೆ ಮತ್ತೆ ದಾಖಲಾಗಿರುವಂಥದ್ದೇ. ಕೌಂಟರಿನ ಹಿಂದೆ ನಿಲ್ಲುವವರು ಇದನ್ನು ತಮ್ಮ ಅಂಗಡಿಯದೇ ಎಂದುಕೊಂಡು ಓದಿದರೆ ಪ್ರಯೋಜನ ಹೆಚ್ಚು.

ಪ್ರಕರಣ

ರೋಗಿ 58 ವರ್ಷದ ಮಹಿಳೆ. ಆರು ತಿಂಗಳಿಂದ ಬೆರಳ ಗೆಣ್ಣುಗಳಲ್ಲಿ ಊತ, ಬೆಳಿಗ್ಗೆ ಎದ್ದರೆ ಗಂಟೆಗಟ್ಟಲೆ ಬಿಡದ ಬಿಗಿತ. ಜಿಲ್ಲಾ ಕೇಂದ್ರದ ಸಂಧಿವಾತ ತಜ್ಞರು ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಖಚಿತಪಡಿಸಿ ಶುಕ್ರವಾರ ಚೀಟಿ ಬರೆದುಕೊಟ್ಟರು. ಅದರಲ್ಲಿ ನಾಲ್ಕು ಸಾಲು: ಎಂ.ಟಿ.ಎಕ್ಸ್. 7.5, 1 ಓ.ಡಬ್ಲ್ಯೂ.; ಫೋಲಿಕ್ ಆ್ಯಸಿಡ್ 5, 1 ಓ.ಡಿ.; ಹೈಡ್ರಾಕ್ಸಿಕ್ಲೋರೋಕ್ವಿನ್ 200, 1 ಓ.ಡಿ.; ಪ್ರೆಡ್ನಿಸೊಲೋನ್ 5, 1 ಓ.ಡಿ. ಎಲ್ಲಕ್ಕೂ ಸೇರಿಸಿ ಪಕ್ಕದಲ್ಲಿ ಒಂದು ಆವರಣ ಎಳೆದು ‘4 ವಾರ’ ಎಂದು ಬರೆದಿದ್ದರು. ಮೊದಲ ಸಾಲು ಮೆಥೊಟ್ರೆಕ್ಸೇಟ್, ವಾರಕ್ಕೊಮ್ಮೆ (ಓ.ಡಬ್ಲ್ಯೂ.); ಉಳಿದ ಮೂರು ದಿನಕ್ಕೊಮ್ಮೆ (ಓ.ಡಿ.). ವಾರದ ಯಾವ ದಿನ ಎಂದು ಚೀಟಿಯಲ್ಲಿ ಇರಲಿಲ್ಲ. ಭಾನುವಾರ ತೆಗೆದುಕೊಳ್ಳಿ ಎಂದು ಬಾಯಿಮಾತಿನಲ್ಲಿ ಹೇಳಿದ್ದರು.

ಮಧ್ಯಾಹ್ನ ಎರಡು ಗಂಟೆಗೆ ತಾಯಿ, ಮಗ ತಮ್ಮ ತಾಲ್ಲೂಕಿನ ಮೆಡಿಕಲ್ ಶಾಪಿಗೆ ಬಂದರು. ನೋಂದಾಯಿತ ಫಾರ್ಮಸಿಸ್ಟ್ ಊಟಕ್ಕೆ ಹೋಗಿದ್ದರು. ಕೌಂಟರಿನಲ್ಲಿದ್ದ ಸಹಾಯಕನಿಗೆ ಆರು ವರ್ಷದ ಅನುಭವ, ಚೀಟಿ ಓದುವುದರಲ್ಲಿ ಚುರುಕು, ಆದರೆ ಫಾರ್ಮಸಿ ಓದಿದವನಲ್ಲ. ಒಂದರ ಕೆಳಗೊಂದು ಮೂರು ‘ಓ.ಡಿ.’ ಇರುವಾಗ ಮೇಲಿನ ಸಾಲಿನ ಅಕ್ಷರವೂ ಅವನಿಗೆ ಹಾಗೇ ಕಂಡಿತು. ಮೆಥೊಟ್ರೆಕ್ಸೇಟ್ 7.5 ಮಿ.ಗ್ರಾಂ. ದಿನಕ್ಕೊಂದರಂತೆ ನಾಲ್ಕು ವಾರಕ್ಕೆ 28 ಬೇಕು ಎಂದು ಲೆಕ್ಕ ಹಾಕಿದ. ಅಂಗಡಿಯಲ್ಲಿ ಇದ್ದದ್ದು ಹತ್ತರ ಒಂದೇ ಸ್ಟ್ರಿಪ್. “ಸದ್ಯಕ್ಕೆ ಇದೊಂದು ಸ್ಟ್ರಿಪ್ ಇಟ್ಕೊಳಿ, ಮುಗಿಯೋದ್ರೊಳಗೆ ತರಿಸಿರ್ತೀವಿ” ಎಂದು ಕೊಟ್ಟ. ಕವರಿನ ಮೇಲೆ 1-0-0 ಎಂದು ಬರೆದ. ಭಾನುವಾರದ ಮಾತು ತಾಯಿಗೆ ಅರೆಬರೆ ನೆನಪಿತ್ತು, ಆದರೆ ಕವರಿನ ಮೇಲೆ ಬರೆದದ್ದೇ ಸರಿ ಎಂದು ಮನೆಯಲ್ಲಿ ತೀರ್ಮಾನವಾಯಿತು. ಅವರ ತಪ್ಪೇನೂ ಇಲ್ಲ. ಬರಹವನ್ನು ನಂಬಬೇಕೆಂದೇ ನಾವು ಕವರಿನ ಮೇಲೆ ಬರೆಯುವುದು.

ಶನಿವಾರ ಬೆಳಿಗ್ಗೆ ಶುರು. ಗುರುವಾರದ ಹೊತ್ತಿಗೆ, ಅಂದರೆ ಆರನೇ ದಿನ, ತುಟಿಯ ಒಳಗೆ ಮತ್ತು ನಾಲಗೆಯ ಅಂಚಿನಲ್ಲಿ ಹುಣ್ಣು. ಸಾರು ಅನ್ನವೂ ನುಂಗಲಾಗದಷ್ಟು ಉರಿ. ಮಗ ಮತ್ತೆ ಅದೇ ಅಂಗಡಿಗೆ ಹೋಗಿ, ಅಮ್ಮನಿಗೆ ಬಾಯಿಹುಣ್ಣು, ಮೈಕೈ ನೋವು ಎಂದ. ಹುಣ್ಣಿಗೆ ಹಚ್ಚುವ ಜೆಲ್, ಬಿ ಕಾಂಪ್ಲೆಕ್ಸ್, ನೋವಿಗೆ ಡೈಕ್ಲೋಫೆನಾಕ್ ಆರು ಮಾತ್ರೆ ಸಿಕ್ಕವು. ಭಾನುವಾರ ಸಂಜೆ ಚಳಿ ಜ್ವರ. ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ದಾಖಲಾದಾಗ ಬಿಳಿ ರಕ್ತಕಣ 1,100, ಅದರಲ್ಲಿ ನ್ಯೂಟ್ರೊಫಿಲ್ 400, ಪ್ಲೇಟ್‌ಲೆಟ್ 28,000, ಹಿಮೋಗ್ಲೋಬಿನ್ 8.9, ಮೂತ್ರಪಿಂಡದ ಕೆಲಸ ಹೇಳುವ ಕ್ರಿಯಾಟಿನಿನ್ 1.6. ರಕ್ತಕಣಗಳೆಲ್ಲ ತೀರಾ ಕಡಿಮೆ, ಕ್ರಿಯಾಟಿನಿನ್ ಹೆಚ್ಚು. ದಾಖಲಿಸಿಕೊಂಡ ವೈದ್ಯರು ಮಾತ್ರೆಗಳನ್ನೆಲ್ಲ ತರಿಸಿ ಎಣಿಸಿದರು. ಹತ್ತರ ಸ್ಟ್ರಿಪ್ಪಿನಲ್ಲಿ ಉಳಿದಿದ್ದು ಒಂದು. ಆ ಒಂಬತ್ತು ದಿನದಲ್ಲಿ ಎರಡು ಭಾನುವಾರ, ಹೋಗಬೇಕಿದ್ದುದು 15 ಮಿ.ಗ್ರಾಂ.; ಹೋದದ್ದು 67.5.

ಇಷ್ಟು ಸಣ್ಣ ಮಾತ್ರೆ ಇಷ್ಟು ಕೆಡುಕು ಮಾಡುವುದು ಹೇಗೆ

ಕ್ಯಾನ್ಸರಿನಲ್ಲಿ ಮೆಥೊಟ್ರೆಕ್ಸೇಟನ್ನು ಗ್ರಾಂ ಲೆಕ್ಕದಲ್ಲಿ ಡ್ರಿಪ್ ಮೂಲಕ ಕೊಡುವುದುಂಟು. ಹಾಗಿರುವಾಗ ಒಂಬತ್ತು ದಿನಕ್ಕೆ 67 ಮಿ.ಗ್ರಾಂ. ಏನು ಮಹಾ ಎಂಬ ಪ್ರಶ್ನೆ ಡಿ.ಫಾರ್ಮ್ ಮುಗಿಸಿದವರಿಂದಲೂ ಬರುತ್ತದೆ. ಉತ್ತರ ಪ್ರಮಾಣದಲ್ಲಿಲ್ಲ, ಬಿಡುವಿನಲ್ಲಿದೆ. ಈ ಔಷಧ ಡೈಹೈಡ್ರೋಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ಜೀವಕೋಶಕ್ಕೆ ಡಿಎನ್‌ಎ ಕಟ್ಟಲು ಬೇಕಾದ ಫೋಲೇಟ್ ಸಿಗುವುದಿಲ್ಲ. ಒಳಹೊಕ್ಕ ಮೆಥೊಟ್ರೆಕ್ಸೇಟ್ ಪಾಲಿಗ್ಲುಟಮೇಟ್ ರೂಪ ತಾಳಿ ಜೀವಕೋಶದೊಳಗೇ ದಿನಗಟ್ಟಲೆ ಉಳಿಯುತ್ತದೆ. ವಾರಕ್ಕೊಮ್ಮೆ ತೆಗೆದುಕೊಂಡರೆ ಅಸ್ಥಿಮಜ್ಜೆಗೂ ಬಾಯಿ, ಕರುಳಿನ ಒಳಪದರಕ್ಕೂ ಉಳಿದ ಆರು ದಿನ ಚೇತರಿಸಿಕೊಳ್ಳಲು ಸಮಯ ಸಿಗುತ್ತದೆ. ದಿನವೂ ನುಂಗಿದರೆ ಆ ಬಿಡುವೇ ಇಲ್ಲ. ವೇಗವಾಗಿ ವಿಭಜಿಸುವ ಜೀವಕೋಶಗಳು ಮೊದಲು ಸೋಲುತ್ತವೆ: ಬಾಯಲ್ಲಿ ಹುಣ್ಣು, ಭೇದಿ, ಆಮೇಲೆ ರಕ್ತಕಣಗಳ ಕುಸಿತ, ಅದರ ಬೆನ್ನಿಗೆ ಸೋಂಕು. ಗ್ರಾಂ ಲೆಕ್ಕದಲ್ಲಿ ಕೊಡುವ ಕ್ಯಾನ್ಸರ್ ವಾರ್ಡಿನಲ್ಲೂ ನಿಗದಿತ ಗಂಟೆಗೆ ಲ್ಯೂಕೊವೊರಿನ್ ಕೊಟ್ಟು ಜೀವಕೋಶಗಳನ್ನು ಕಾಪಾಡುತ್ತಾರೆ.

ಔಷಧ ಹೊರಹೋಗುವುದು ಬಹುಪಾಲು ಮೂತ್ರದ ಮೂಲಕ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವುನಿವಾರಕಗಳು ಮೂತ್ರಪಿಂಡದಲ್ಲಿ ಅದರ ವಿಸರ್ಜನೆಯನ್ನು ತಗ್ಗಿಸುತ್ತವೆ. ತಜ್ಞರು ರಕ್ತಪರೀಕ್ಷೆ ನೋಡಿಕೊಂಡು ವಾರದ ಡೋಸಿನ ಜೊತೆ ಇವನ್ನು ಕೊಡುವುದುಂಟು. ಈ ರೋಗಿಗೆ ಆರನೇ ದಿನ ಸಿಕ್ಕ ಡೈಕ್ಲೋಫೆನಾಕ್‌ಗೆ ಅಂಥ ಯಾವ ಕಾವಲೂ ಇರಲಿಲ್ಲ. ಕೋ-ಟ್ರೈಮೊಕ್ಸಜೋಲ್ ಎಂಬ ಸೋಂಕುನಿವಾರಕ ಇದಕ್ಕಿಂತ ಅಪಾಯಕಾರಿ; ಅದೂ ಫೋಲೇಟ್ ದಾರಿಯನ್ನೇ ತಡೆಯುವುದರಿಂದ ಸರಿಯಾಗಿ ವಾರಕ್ಕೊಮ್ಮೆ ತೆಗೆದುಕೊಳ್ಳುವವರಲ್ಲೂ ಮಜ್ಜೆಯನ್ನು ಕುಸಿಯುವಂತೆ ಮಾಡಬಲ್ಲದು.

ಚಿಕಿತ್ಸೆಯಲ್ಲಿ ಒಂದು ಅಂಶ ಅಂಗಡಿಯವರಿಗೂ ಗೊತ್ತಿರಬೇಕು. ವಿಷ ಏರಿದಾಗ ಫೋಲಿಕ್ ಆ್ಯಸಿಡ್ ಹೆಚ್ಚು ಕೊಟ್ಟು ಉಪಯೋಗವಿಲ್ಲ, ಏಕೆಂದರೆ ಅದು ಕೆಲಸಕ್ಕೆ ಬರುವ ರೂಪ ತಾಳಲು ಬೇಕಾದ ಕಿಣ್ವವೇ ಕಟ್ಟಿಬಿದ್ದಿದೆ. ಬೇಕಿರುವುದು ಫೋಲಿನಿಕ್ ಆ್ಯಸಿಡ್, ಅಂದರೆ ಲ್ಯೂಕೊವೊರಿನ್. ಅದು ಆ ಕಿಣ್ವದ ಹಂಗಿಲ್ಲದೆ ಕೆಲಸ ಮಾಡುತ್ತದೆ. ಈ ರೋಗಿಗೆ ಮೆಥೊಟ್ರೆಕ್ಸೇಟ್, ಡೈಕ್ಲೋಫೆನಾಕ್ ಎರಡನ್ನೂ ನಿಲ್ಲಿಸಿ, ಆರು ಗಂಟೆಗೊಮ್ಮೆ 15 ಮಿ.ಗ್ರಾಂ. ಲ್ಯೂಕೊವೊರಿನ್, ಡ್ರಿಪ್, ಆ್ಯಂಟಿಬಯೋಟಿಕ್, ಬಿಳಿಕಣ ಏರಿಸಲು ಫಿಲ್ಗ್ರಾಸ್ಟಿಮ್ ಕೊಟ್ಟರು. ದಾಖಲಾದ ಹನ್ನೊಂದನೇ ದಿನಕ್ಕೆ ರಕ್ತಕಣಗಳು ಸುರಕ್ಷಿತ ಮಟ್ಟಕ್ಕೆ ಬಂದವು. ಇಂಥ ಸ್ಥಿತಿಯಲ್ಲಿ ರಕ್ತದಲ್ಲಿನ ಮೆಥೊಟ್ರೆಕ್ಸೇಟ್ ಮಟ್ಟ ಕಡಿಮೆ ಬಂದರೂ ಮೈಮರೆಯುವಂತಿಲ್ಲ, ಔಷಧ ಜೀವಕೋಶದೊಳಗೆ ಕೂತಿರುತ್ತದೆ.

ಹತ್ತು ಎಂಬ ಅಂಕಿ

ಈ ಅವಘಡವನ್ನು ಕೆಟ್ಟ ಕೈಬರಹದ ತಲೆಗೆ ಕಟ್ಟುವುದು ಸುಲಭ. ಕೈಬರಹಕ್ಕೆ ಪಾಲಿದೆ ನಿಜ. ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ತಿದ್ದಿ, ಔಷಧದ ಜೆನೆರಿಕ್ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಬೇಕೆಂದಿತು. ‘ಎಂ.ಟಿ.ಎಕ್ಸ್.’ ಎಂಬ ಹ್ರಸ್ವರೂಪವನ್ನು ಮೈಟೊಕ್ಸಾಂಟ್ರೋನ್ ಎಂದು ಓದಿಕೊಂಡದ್ದುಂಟು, ಆದ್ದರಿಂದ ಸುರಕ್ಷತಾ ಪಟ್ಟಿಗಳು ಅದನ್ನು ಬಳಸಬೇಡಿ ಎನ್ನುತ್ತವೆ. ‘ಓ.ಡಬ್ಲ್ಯೂ.’ ಕೂಡ ಬರೆಯಬಾರದ್ದೇ. ‘ವಾರಕ್ಕೊಮ್ಮೆ, ಭಾನುವಾರ ಮಾತ್ರ’ ಎಂದು ಪೂರ್ತಿ ಬರೆಯಬೇಕು.

ಆದರೆ ಕೈಬರಹಕ್ಕಿಂತ ದೊಡ್ಡ ಕೊರತೆ ಆ ಚೀಟಿಯಲ್ಲಿತ್ತು: ಒಟ್ಟು ಎಷ್ಟು ಮಾತ್ರೆ ಎಂಬುದೇ ಇರಲಿಲ್ಲ. 1945ರ ಔಷಧ ನಿಯಮಗಳ 65(10) ಚೀಟಿ ಹೇಗಿರಬೇಕೆಂದು ಹೇಳುತ್ತದೆ. ಬರಹದಲ್ಲಿರಬೇಕು, ವೈದ್ಯರ ಸಹಿ ಮತ್ತು ದಿನಾಂಕ ಇರಬೇಕು, ರೋಗಿಯ ಹೆಸರು ವಿಳಾಸ ಇರಬೇಕು, ಕೊಡಬೇಕಾದ ಒಟ್ಟು ಪ್ರಮಾಣ ಮತ್ತು ಡೋಸ್ ಎರಡೂ ಇರಬೇಕು. ಈ ‘ಒಟ್ಟು ಪ್ರಮಾಣ’ವನ್ನು ನಮ್ಮಲ್ಲಿ ಹೆಚ್ಚಿನವರು ಬಿಲ್ಲಿನ ವಿಷಯ ಎಂದುಕೊಳ್ಳುತ್ತಾರೆ. ಅಲ್ಲ, ಅದು ರೋಗಿಯ ಪ್ರಾಣದ ವಿಷಯ. ಚೀಟಿಯಲ್ಲಿ ‘ಒಟ್ಟು 4 ಮಾತ್ರೆ’ ಎಂದಿದ್ದರೆ, ‘ಡಬ್ಲ್ಯೂ’ ‘ಡಿ’ಯಂತೆ ಕಂಡರೂ, ನಾಲ್ಕು ವಾರಕ್ಕೆ ನಾಲ್ಕೇ ಮಾತ್ರೆ ಏಕೆ ಎಂಬ ಪ್ರಶ್ನೆ ಸಹಾಯಕನಿಗೂ ಏಳುತ್ತಿತ್ತು. ಸ್ಟ್ರಿಪ್ ಕತ್ತರಿಸದೆ ಇಡಿಯಾಗಿ ಮಾರುವ ಅಭ್ಯಾಸ ಈ ಪ್ರಶ್ನೆಯನ್ನು ಇನ್ನಷ್ಟು ಮುಚ್ಚಿಹಾಕುತ್ತದೆ. ತಿಂಗಳಿಗೆ ನಾಲ್ಕು ಬೇಕಾದ ಮನೆಯಲ್ಲಿ ಹತ್ತು ಇದ್ದರೆ, ಮಿಕ್ಕ ಆರು ಮಾತ್ರೆ ಎಲ್ಲೋ ಒಂದು ಕಡೆ ತಪ್ಪಾಗಿ ಬಳಕೆಯಾಗಲು ಕಾದಿರುತ್ತವೆ.

ಆದ್ದರಿಂದ ಮೆಥೊಟ್ರೆಕ್ಸೇಟ್ ವಿಷಯದಲ್ಲಿ ಒಂದೇ ಅಭ್ಯಾಸ ಬೆಳೆಸಿಕೊಳ್ಳಿ ಎಂದರೆ ನಮ್ಮ ಸಲಹೆ ಇದು: ವಾರ ಎಣಿಸಿ, ವಾರಕ್ಕೊಂದರಂತೆ ಅಷ್ಟೇ ಡೋಸ್ ಕತ್ತರಿಸಿ ಕೊಡಿ. ನಾಲ್ಕು ವಾರಕ್ಕಿಂತ ಹೆಚ್ಚಿನದನ್ನು ಒಮ್ಮೆಗೇ ಕೊಡಬೇಡಿ. ಕತ್ತರಿಸುವಾಗ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುವ ತುದಿ ಅಂಗಡಿಯಲ್ಲಿ ಉಳಿಯಲಿ, ಆ ವಿವರವನ್ನು ರೋಗಿಯ ಕವರಿನ ಮೇಲೆ ಬರೆಯಿರಿ. ಒಂದೊಂದು ಮಾತ್ರೆಯನ್ನು ಮಾತ್ರ ಅರ್ಧ ಮಾಡಬಾರದು, ಪುಡಿ ಮಾಡಬಾರದು. ಅದರ ಧೂಳು ಮುಟ್ಟಿದವರಿಗೂ ಒಳ್ಳೆಯದಲ್ಲ.

ಇದರ ಜೊತೆಗೊಂದು ಮಾತು. ನಮ್ಮ ಮಾರುಕಟ್ಟೆಯಲ್ಲಿ 2.5, 5, 7.5, 10, 15 ಮಿ.ಗ್ರಾಂ. ಮಾತ್ರೆಗಳು ಸಿಗುತ್ತವೆ. ಕಳೆದ ತಿಂಗಳು 2.5ರ ಮೂರು ಮಾತ್ರೆ ತೆಗೆದುಕೊಂಡವರಿಗೆ ಈ ತಿಂಗಳು 7.5ರ ಮಾತ್ರೆ ಕೊಟ್ಟರೆ, ಅಭ್ಯಾಸಬಲದಿಂದ ಮೂರು ನುಂಗುತ್ತಾರೆ. ‘ಮೂರು ಮಾತ್ರೆ’ ಎಂಬುದೇ 1-1-1 ಆಗಿ ತಿರುಗಿದ್ದೂ ಉಂಟು. ಒಬ್ಬ ರೋಗಿಗೆ ಶುರುವಿನಿಂದ ಕೊನೆಯವರೆಗೆ ಒಂದೇ ಶಕ್ತಿಯ ಮಾತ್ರೆ ಕೊಡುವುದು ಕ್ಷೇಮ.

ಕಾನೂನು ಎಲ್ಲಿ ಮುರಿಯಿತು

ಮೆಥೊಟ್ರೆಕ್ಸೇಟ್ ಶೆಡ್ಯೂಲ್ ಎಚ್ ಔಷಧ, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಯದು. ಚೀಟಿಯ ಮೇಲಿನ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ಖುದ್ದಾಗಿ ಎದುರಿದ್ದು ಮೇಲ್ವಿಚಾರಣೆ ಮಾಡಿ ಕೊಡಿಸಬೇಕು ಎಂಬುದು ನಿಯಮ 65(2). 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಇನ್ನೂ ನೇರ: ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ವೈದ್ಯರ ಚೀಟಿಗೆ ಔಷಧ ವಿತರಿಸುವುದೇ ಅಪರಾಧ. ಗೋಡೆಯ ಮೇಲೆ ಸರ್ಟಿಫಿಕೇಟ್ ಇದೆ, ಊಟಕ್ಕೆ ಅರ್ಧ ಗಂಟೆ ಹೋಗಿದ್ದರು ಎಂಬುದು ಉತ್ತರವಾಗುವುದಿಲ್ಲ. ಫಾರ್ಮಸಿಸ್ಟ್ ಹೊರಗೆ ಹೋದರೆ ಸಾಬೂನು, ಡಯಾಪರ್ ಮಾರಬಹುದು. ಚೀಟಿ ಮಾತ್ರ ಕಾಯಬೇಕು.

ಗುರುವಾರದ ಡೈಕ್ಲೋಫೆನಾಕ್ ಇನ್ನೊಂದು ಉಲ್ಲಂಘನೆ. ಅದೂ ಶೆಡ್ಯೂಲ್ ಎಚ್‌ನಲ್ಲಿದೆ. ನಿಯಮ 65(9)ರ ಪ್ರಕಾರ ಚೀಟಿಯಿಲ್ಲದೆ ಕೊಡುವಂತಿಲ್ಲ. ಹಲ್ಲುನೋವು, ಸೊಂಟನೋವು ಎಂದ ಕೂಡಲೇ ಕೊಟ್ಟುಬಿಡುವುದು ಎಲ್ಲೆಡೆ ನಡೆಯುತ್ತದೆ. ಈ ನಿಯಮ ಏಕಿದೆ ಎಂಬುದಕ್ಕೆ ಈ ರೋಗಿಯ ಕ್ರಿಯಾಟಿನಿನ್ ಸಾಕ್ಷಿ.

ಹೊಣೆ ಹಲವು ಕಡೆಯಿಂದ ಬರುತ್ತದೆ. ಪರವಾನಗಿ ಪ್ರಾಧಿಕಾರ ನೋಟಿಸ್ ಕೊಟ್ಟು ನಿಯಮ 66ರಡಿ ಲೈಸೆನ್ಸ್ ಅಮಾನತು ಅಥವಾ ರದ್ದು ಮಾಡಬಹುದು. ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 27(ಡಿ) ಅಡಿ ಒಂದರಿಂದ ಎರಡು ವರ್ಷ ಜೈಲು ಮತ್ತು ಕನಿಷ್ಠ 20,000 ರೂಪಾಯಿ ದಂಡವಿದೆ; 2023ರ ಜನ ವಿಶ್ವಾಸ್ ಕಾಯ್ದೆಯ ಬಳಿಕ ಇದು ರಾಜಿಗೆ ಅವಕಾಶವಿರುವ ಅಪರಾಧ. ಫಾರ್ಮಸಿಸ್ಟ್ ಹೆಸರನ್ನು ರಿಜಿಸ್ಟರಿನಿಂದ ತೆಗೆಯುವ ಅಧಿಕಾರ ರಾಜ್ಯ ಫಾರ್ಮಸಿ ಪರಿಷತ್ತಿಗಿದೆ. ಜೀವಕ್ಕೆ ಅಪಾಯ ತಂದ ನಿರ್ಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 125ನೇ ಸೆಕ್ಷನ್ ಅನ್ವಯಿಸಬಹುದು. ಕುಟುಂಬದವರು ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಅಲ್ಲಿ ಮೊದಲು ಕೇಳುವುದು ಬಿಲ್ಲು ಮತ್ತು ಆ ಕವರು.

ಕೌಂಟರಿನಲ್ಲಿ ಹೇಗೆ ನಡೆಯಬೇಕಿತ್ತು

ಫಾರ್ಮಸಿಸ್ಟ್ ಅಲ್ಲೇ ಇದ್ದರು ಎಂದಿಟ್ಟುಕೊಳ್ಳೋಣ. ಚೀಟಿ ಕೈಗೆ ಬಂತು, ಮೊದಲ ಸಾಲು ಓ.ಡಬ್ಲ್ಯೂ. ಇರಬಹುದು, ಓ.ಡಿ. ಇರಬಹುದು. ಇಲ್ಲಿ ಫಾರ್ಮಸಿಸ್ಟರ ನೀತಿಸಂಹಿತೆಯ ಎರಡು ಮಾತು ಒಟ್ಟಿಗೆ ನೆನಪಿರಬೇಕು. ಚೀಟಿ ತೆಗೆದುಕೊಳ್ಳುವಾಗ ಅದರ ಗುಣದೋಷದ ಬಗ್ಗೆ ರೋಗಿಯ ಮುಂದೆ ಟೀಕೆ ಮಾಡಬಾರದು, ಗಾಬರಿ ಅಥವಾ ಅಚ್ಚರಿಯನ್ನು ಮುಖದಲ್ಲೂ ತೋರಿಸಬಾರದು. ಹಾಗೆಯೇ, ಡೋಸ್ ಹೆಚ್ಚಾಗಿದೆ, ಏನೋ ಬಿಟ್ಟುಹೋಗಿದೆ ಎಂದು ಕಂಡರೆ ಚೀಟಿಯನ್ನು ಬರೆದವರಿಗೇ ಹಿಂತಿರುಗಿಸಿ ಕೇಳಬೇಕು, ತಾನೇ ತಿದ್ದಬಾರದು. ಮೊದಲನೆಯದನ್ನು ಮಾತ್ರ ಪಾಲಿಸಿ ಸುಮ್ಮನೆ ಕೊಟ್ಟುಬಿಡುವುದು ಶಿಷ್ಟಾಚಾರವಲ್ಲ, ಕರ್ತವ್ಯಲೋಪ. ‘ವಾರಕ್ಕೊಮ್ಮೆಯೇ ಇರಬೇಕು’ ಎಂದು ಊಹಿಸಿ ಬರೆದುಕೊಡುವುದೂ ಸಲ್ಲ, ಊಹೆ ಸರಿಯಿದ್ದರೂ.

“ಕೂತ್ಕೊಳಿ ಅಮ್ಮ, ಒಂದು ಮಾತ್ರೆ ಯಾವ ದಿನ ಅಂತ ಡಾಕ್ಟರ್ ಹತ್ರ ಕೇಳಿ ಹೇಳ್ತೀನಿ” ಎಂದರೆ ಯಾರಿಗೂ ಗಾಬರಿಯಾಗುವುದಿಲ್ಲ. ಫೋನಿನಲ್ಲಿ ಕೇಳುವ ರೀತಿಯೂ ಮುಖ್ಯ. “ಇದು ಸರೀನಾ ಸರ್?” ಎಂದರೆ ಓಪಿಡಿ ಗದ್ದಲದ ನಡುವೆ “ಹೌದು, ಕೊಡಿ” ಎಂಬ ಉತ್ತರ ಬರುತ್ತದೆ. ಹೀಗೆ ಕೇಳಬೇಕು: “ಸರ್, ನಿಮ್ಮ ಇವತ್ತಿನ ಪೇಷಂಟ್, ರುಮಟಾಯ್ಡ್, ಮೆಥೊಟ್ರೆಕ್ಸೇಟ್ ಏಳೂವರೆ. ವಾರಕ್ಕೆ ಎಷ್ಟು ದಿನ, ಯಾವ ದಿನ? ನಾಲ್ಕು ವಾರಕ್ಕೆ ಒಟ್ಟು ಎಷ್ಟು ಮಾತ್ರೆ ಕೊಡಲಿ?” ಉತ್ತರ ಬಂದ ಮೇಲೆ ಅದನ್ನೇ ತಿರುಗಿ ಓದಿ ಹೇಳಿ, ಚೀಟಿಯ ಪಕ್ಕದಲ್ಲಿ ದಿನಾಂಕ, ಸಮಯ ಸಮೇತ ಬರೆದು ಸಹಿ ಮಾಡಬೇಕು. ವೈದ್ಯರು ಸಿಗದಿದ್ದರೆ ಉಳಿದ ಮೂರು ಔಷಧ ಕೊಟ್ಟು ಮೆಥೊಟ್ರೆಕ್ಸೇಟನ್ನು ತಡೆಹಿಡಿಯಬೇಕು. ಸಂಧಿವಾತದಲ್ಲಿ ಇದು ಒಂದೆರಡು ದಿನ ತಡವಾದರೆ ಏನೂ ಆಗುವುದಿಲ್ಲ.

ಕೊಡುವ ಮೊದಲು ಕೇಳಬೇಕಾದವು ಹೆಚ್ಚಿಲ್ಲ. ಬೇರೆ ಯಾವ ಮಾತ್ರೆ ನಡೆಯುತ್ತಿದೆ, ಮೂತ್ರಪಿಂಡ ಅಥವಾ ಲಿವರ್ ತೊಂದರೆ ಇದೆಯೆ, ಮದ್ಯ ಸೇವನೆ ಇದೆಯೆ, ರಕ್ತಪರೀಕ್ಷೆ ಯಾವಾಗ. ಹೆರುವ ವಯಸ್ಸಿನ ಹೆಣ್ಣುಮಗಳಾಗಿದ್ದರೆ ಗರ್ಭದ ವಿಚಾರ ಕೇಳಲೇಬೇಕು. ಈ ಔಷಧ ಭ್ರೂಣಕ್ಕೆ ಹಾನಿ ಮಾಡುತ್ತದೆ. ಜನರಿರುವ ಕೌಂಟರಿನಲ್ಲಿ ಅಲ್ಲ, ಒಂದು ಬದಿಗೆ ಕರೆದು.

ಕವರಿನ ಮೇಲೆ 1-0-0 ಎಂಬ ಪದ್ಧತಿಯೇ ಈ ಔಷಧಕ್ಕೆ ಹೊಂದುವುದಿಲ್ಲ; ಆ ಮೂರು ಅಂಕಿ ‘ಪ್ರತಿದಿನ’ ಎಂಬುದನ್ನು ಒಳಗಿಟ್ಟುಕೊಂಡೇ ಬರುತ್ತವೆ. ಬದಲಿಗೆ ದೊಡ್ಡದಾಗಿ: ‘ಮೆಥೊಟ್ರೆಕ್ಸೇಟ್ 7.5. ಭಾನುವಾರ ಮಾತ್ರ 1 ಮಾತ್ರೆ. ಬೇರೆ ದಿನ ತೆಗೆದುಕೊಳ್ಳಬಾರದು.’ ಅದರ ಕೆಳಗೆ ನಾಲ್ಕು ಭಾನುವಾರದ ದಿನಾಂಕ. ನುಂಗಿದ ಮೇಲೆ ಒಂದೊಂದನ್ನೇ ಹೊಡೆದುಹಾಕಲಿ. ವಾರದ ಲೆಕ್ಕವನ್ನು ಸಂತೆಯಿಂದ ಹಿಡಿಯುವ ಊರುಗಳಿವೆ. ಅಂಥಲ್ಲಿ ಸಂತೆಯ ದಿನವನ್ನೇ ಇಡಬಹುದೇ ಎಂದು ವೈದ್ಯರನ್ನು ಕೇಳಿ ಗೊತ್ತು ಮಾಡಿಕೊಂಡರೆ ಮರೆವಿನ ಮಾತೇ ಬರುವುದಿಲ್ಲ. ಫೋಲಿಕ್ ಆ್ಯಸಿಡ್ ಬೇರೆ ಕವರಿನಲ್ಲಿರಲಿ. ಎರಡೂ ಸಾಮಾನ್ಯವಾಗಿ ಹಳದಿ ಬಣ್ಣದ ಸಣ್ಣ ಮಾತ್ರೆಗಳು. ಒಂದೇ ಕವರಿಗೆ ಹಾಕಿದರೆ ಅದಲುಬದಲಾಗುವುದು ಖಂಡಿತ.

ಕೊನೆಗೆ “ಗೊತ್ತಾಯ್ತಾ ಅಮ್ಮ?” ಎಂದು ಕೇಳಬೇಡಿ, “ಹೂಂ” ಎಂದೇ ಉತ್ತರ ಬರುವುದು. “ಈ ಮಾತ್ರೆ ಯಾವತ್ತು ತಗೊಳ್ತೀರಿ, ನೀವೇ ಹೇಳಿ ನೋಡೋಣ” ಎನ್ನಿ. ಆಮೇಲೆ “ನಾಳೆ ತಗೋಬಹುದಾ?” ಎಂದು ಇನ್ನೊಂದು ಪ್ರಶ್ನೆ. ಈ ಎರಡನೆಯ ಪ್ರಶ್ನೆಯಲ್ಲೇ ತಪ್ಪು ತಿಳಿವಳಿಕೆ ಹೊರಬೀಳುವುದು. ಬಾಯಿಹುಣ್ಣು, ಜ್ವರ, ಗಂಟಲು ನೋವು, ಒಣ ಕೆಮ್ಮು, ಉಸಿರಾಟದ ತೊಂದರೆ, ಮೈಮೇಲೆ ನೀಲಿ ಕಲೆ, ಭೇದಿ ಕಂಡರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರ ಬಳಿ ಹೋಗಬೇಕೆಂದು ಹೇಳಿ. 2015ರ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್ ಈ ಸಮಾಲೋಚನೆಯನ್ನು ಫಾರ್ಮಸಿಸ್ಟರ ಕೆಲಸವೆಂದೇ ಹೇಳಿದೆ.

ತಪ್ಪಿದ ಎರಡನೇ ಅವಕಾಶ

ಇಡೀ ಪ್ರಕರಣದಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಗುರುವಾರ. ಆರು ಮಾತ್ರೆ ಹೋಗಿತ್ತು, ಜ್ವರ ಇನ್ನೂ ಬಂದಿರಲಿಲ್ಲ. ಅಂದೇ ನಿಲ್ಲಿಸಿ ರಕ್ತಪರೀಕ್ಷೆಗೆ ಕಳಿಸಿದ್ದರೆ ಮುಂದಿನ ಕಥೆಯೇ ಬೇರೆಯಾಗುತ್ತಿತ್ತು. ಬಾಯಿಹುಣ್ಣಿಗೆ ಜೆಲ್ ಕೇಳಿ ಬಂದವರಿಗೆ ಒಂದು ಪ್ರಶ್ನೆ ಸಾಕು: “ಅಮ್ಮ ಬೇರೆ ಯಾವ ಮಾತ್ರೆ ತಗೊಳ್ತಿದ್ದಾರೆ?” ಹಳೆಯ ಬಿಲ್ ಕಂಪ್ಯೂಟರಿನಲ್ಲೇ ಇತ್ತು. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರ ಬಾಯಿಹುಣ್ಣನ್ನು ವಿಷದ ಲಕ್ಷಣವೆಂದೇ ಹಿಡಿಯಬೇಕು, ಅಲ್ಲವೆಂದು ರಕ್ತಪರೀಕ್ಷೆ ಹೇಳುವ ತನಕ. ಉಷ್ಣವಾಗಿದೆ, ಬಿ ಕಾಂಪ್ಲೆಕ್ಸ್ ಸಾಕು ಎಂಬ ಮಾತು ಇಲ್ಲಿ ಪ್ರಾಣಕ್ಕೆ ಎರವಾಗಬಹುದು.

ತಪ್ಪು ಗೊತ್ತಾದ ಮೇಲೆ

ಮಗ ಸ್ಟ್ರಿಪ್ ಹಿಡಿದು ಅಂಗಡಿಗೆ ಬಂದಾಗ ಮೊದಲು ಹುಟ್ಟುವ ಆಸೆ ಆ ಕವರನ್ನು ವಾಪಸ್ ಪಡೆಯುವುದು, ಕಂಪ್ಯೂಟರಿನ ಬಿಲ್ ತಿದ್ದುವುದು. ಎರಡೂ ಮಾಡಬಾರದು, ತಪ್ಪಿಗಿಂತ ದೊಡ್ಡ ತಪ್ಪಾಗುತ್ತದೆ. ಮೊದಲ ಕೆಲಸ ಆಸ್ಪತ್ರೆಗೆ ಫೋನ್ ಮಾಡುವುದು: ಎಷ್ಟು ಮಿ.ಗ್ರಾಂ., ಯಾವತ್ತಿನಿಂದ, ಜೊತೆಗೆ ಏನೇನು ಕೊಟ್ಟಿದೆ. ಚೀಟಿಯಲ್ಲಿಲ್ಲದ ಡೈಕ್ಲೋಫೆನಾಕ್ ಕೊಟ್ಟದ್ದು ಆಸ್ಪತ್ರೆಯವರಿಗೆ ಖಚಿತವಾಗಿ ತಿಳಿಯುವುದು ಹೀಗೆ ಹೇಳಿದರೆ. ಆಮೇಲೆ ಚೀಟಿ ಬರೆದ ವೈದ್ಯರಿಗೆ ತಿಳಿಸಬೇಕು. ಕುಟುಂಬಕ್ಕೆ ನಡೆದದ್ದನ್ನು ಫಾರ್ಮಸಿಸ್ಟ್ ತಾವೇ ಹೇಳಬೇಕು, ಸಹಾಯಕನನ್ನು ಮುಂದೆ ದೂಡಬಾರದು. ಅದೇ ದಿನ ಘಟನೆಯನ್ನು ಯಾರು ಏನು ಓದಿದರು, ಏನು ಬರೆದರು, ಯಾವ ಗಂಟೆ ಎಂದು ಬರೆದಿಡಬೇಕು. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ನಡೆಸುವ, ಔಷಧಗಳ ಅಡ್ಡಪರಿಣಾಮಗಳ ಮೇಲೆ ಕಣ್ಣಿಡುವ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮಕ್ಕೆ 1800-180-3024ರಲ್ಲಿ ವರದಿ ಮಾಡಬಹುದು. ಅಲ್ಲಿ ವರದಿ ಕೊಡುವುದು ತಪ್ಪೊಪ್ಪಿಗೆ ಪತ್ರವಲ್ಲ.

ಅಂಗಡಿಯ ಏರ್ಪಾಡು ಬದಲಾಗದೆ ಸಹಾಯಕನನ್ನು ಬಿಡಿಸಿದರೆ, ಅವನ ಜಾಗಕ್ಕೆ ಬಂದವನೂ ಅದೇ ಸಾಲನ್ನು ಹಾಗೇ ಓದುತ್ತಾನೆ. ಮೆಥೊಟ್ರೆಕ್ಸೇಟ್ ಫೋಲಿಕ್ ಆ್ಯಸಿಡ್ ಪಕ್ಕದಿಂದ ಹೊರಬಂದು ಬೀಗವಿರುವ ಡಬ್ಬಿಗೆ ಹೋಗಬೇಕು, ಬೀಗದ ಕೈ ಫಾರ್ಮಸಿಸ್ಟರ ಜೇಬಿನಲ್ಲಿ. ಅಕ್ಷರಕ್ರಮದಲ್ಲಿ ಜೋಡಿಸುವ ಅಂಗಡಿಗಳಲ್ಲಿ ಈ ಎರಡೂ ಔಷಧಗಳ, ‘ಫೋಲಿ’ ಎಂದು ಶುರುವಾಗುವ ಬ್ರ್ಯಾಂಡ್ ಹೆಸರುಗಳು ಒಂದೇ ಸಾಲಿಗೆ ಬೀಳುವುದರಿಂದ ಇದು ಅಗತ್ಯ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಈ ಔಷಧದ ಎದುರು ‘ವಾರಕ್ಕೊಮ್ಮೆ ಮಾತ್ರ. ಯಾವ ದಿನ?’ ಎಂಬ ಎಚ್ಚರಿಕೆ ಹಾಕಿಸಿ, ದಿನ ತುಂಬದೆ ಬಿಲ್ ಮುಂದೆ ಹೋಗದಂತೆ ಮಾಡಿಸಬೇಕು. ಒಂದು ಡೋಸಿಗೆ 2.5ರ ಮೂರು ಮಾತ್ರೆ ಬೇಕಾದವರ ಬಿಲ್ ತಡೆಯದಂತೆ ಮಿತಿಯನ್ನು ಮಾತ್ರೆಯಲ್ಲಲ್ಲ, ಡೋಸಿನಲ್ಲಿ ಇಡಬೇಕು: ನಾಲ್ಕು ಡೋಸಿಗಿಂತ ಹೆಚ್ಚಾದರೆ ಫಾರ್ಮಸಿಸ್ಟರ ಪಾಸ್‌ವರ್ಡ್ ಕೇಳಲಿ.